ಕಟ್ಟೆ ಇಲ್ಲದ ಮನೆಯ ನಾಯಿ

ಬೀದರಿನ ನಾಯಿಗಳು ವಿಮಾನಕ್ಕೆ ಬೊಗಳುವುದಿಲ್ಲ. ವಾಯುಪಡೆಯ ಹಾಕ್ ವಿಮಾನಗಳು ಊರಿನ ಮೇಲೆ ಸುತ್ತುತ್ತಲೇ ಇರುತ್ತವೆ. ಸೂರ್ಯಕಿರಣ ತಂಡದ ನೆಲೆಯೂ ಇಲ್ಲೇ. ಹೊರಗಿನಿಂದ ಬಂದ ನೆಂಟರು ಕಿವಿ ಮುಚ್ಚಿಕೊಂಡು ಆಕಾಶ ನೋಡುತ್ತ ನಿಂತರೆ, ನಮ್ಮ ಲಾಲ್ಯಾ ಗೇಟಿನ ಬುಡದಲ್ಲಿ ಮಲಗಿದವನು ಕಣ್ಣು ಕೂಡ ತೆರೆಯುವುದಿಲ್ಲ. ಅದೇ ಲಾಲ್ಯಾ, ಎರಡು ಓಣಿ ಆಚೆ ಕಸದ ಗಾಡಿಯ ಹಾಡು ಶುರುವಾದರೆ ಸಾಕು, ಎದ್ದು ಕೂತು, ಗದ್ದ ಮೇಲೆತ್ತಿ, ಕಣ್ಣು ಅರೆಮುಚ್ಚಿ ಆ ಹಾಡಿಗೆ ದನಿ ಕೂಡಿಸುತ್ತಾನೆ. ಗಾಡಿ ನಮ್ಮ ಮನೆ ದಾಟಿ ತಿರುವಿನಲ್ಲಿ ಮರೆಯಾಗುವ ತನಕ ಅವನ ಆಲಾಪ ನಡೆಯುತ್ತದೆ. ಎದುರು ಮನೆಯ ಮಕ್ಕಳು ಹಲ್ಲುಜ್ಜುವುದನ್ನು ಬಿಟ್ಟು ಓಡಿ ಬಂದು ಕಾಂಪೌಂಡ್ ಹತ್ತಿ ಕೇಳುತ್ತಾರೆ.

ನಾಯಿ ಸಾಕುವವರು ಇದನ್ನು ನೋಡಿ ನಗುತ್ತಾರೆ, ನಗಲೇಬೇಕು. ಆದರೆ ಇದರಲ್ಲಿ ಒಂದು ಗಟ್ಟಿ ತರ್ಕವಿದೆ. ಉದ್ದಕ್ಕೆ ಎಳೆದ ಸ್ವರ ಕೇಳಿದರೆ ಕೂಡಿ ಊಳಿಡುವುದು ತೋಳಗಳಿಂದ ಬಂದ ರೂಢಿ. ಇನ್ನು ವಿಮಾನ ಎಷ್ಟೇ ಗುಡುಗಿದರೂ ಅದು ಬಾಗಿಲಿಗೆ ಬರುವುದಿಲ್ಲ. ಕಸದ ಗಾಡಿ ಬರುತ್ತದೆ, ಬಾಗಿಲಲ್ಲೇ ನಿಲ್ಲುತ್ತದೆ, ಮನೆಯಿಂದ ಏನನ್ನೋ ತೆಗೆದುಕೊಂಡು ಹೋಗುತ್ತದೆ. ನಾಯಿಗೆ ಲೋಕದ ಬಗ್ಗೆ ಇರುವುದು ಒಂದೇ ಮುಖ್ಯ ಪ್ರಶ್ನೆ: ನನ್ನ ಬಾಗಿಲಿಗೆ ಬರುತ್ತಿರುವವರು ಯಾರು? ನಮ್ಮ ಹೊಸ ಬದುಕಿನ ಎಲ್ಲ ಸಾಮಾನನ್ನೂ, ಮೊಬೈಲ್, ಲಿಫ್ಟ್, ಪಾರ್ಸೆಲ್, ಕ್ಯಾಮೆರಾ ಎಲ್ಲವನ್ನೂ, ಅದು ಈ ಒಂದೇ ಅಳತೆಯಿಂದ ಅಳೆಯುತ್ತದೆ. ನಾಯಿಯ ಜತೆ ಬಾಳುವುದರ ವಿನೋದವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲು ಈ ಪ್ರಶ್ನೆಗೆ ಒಂದು ಜಾಗವಿತ್ತು. ಬೀದರಿನ ಹಳೇ ಊರಿನಲ್ಲಿ ಚೌಬಾರದ ಸುತ್ತಿನ ಓಣಿಗಳನ್ನು ನೋಡಿ, ಭಾಲ್ಕಿಯ ಹಳೆಯ ವಾಡೆಗಳನ್ನು ನೋಡಿ. ದೊಡ್ಡ ಬಾಗಿಲು, ಬಾಗಿಲ ಎರಡೂ ಕಡೆ ಕಟ್ಟೆ. ಕಟ್ಟೆಯ ಮೇಲೆ ಮನೆಯ ಹಿರಿಯರು, ಕಟ್ಟೆಯ ಕೆಳಗೆ ನಾಯಿ. ಅದು ಒಳಗಿನದೂ ಅಲ್ಲ, ಹೊರಗಿನದೂ ಅಲ್ಲ. ಬಂದವರನ್ನು ಮೂಸಿ ನೋಡಿ, ಹಿರಿಯರ ದನಿ ಕೇಳಿ, ಬಿಡಬೇಕೋ ತಡೆಯಬೇಕೋ ಎಂದು ತೀರ್ಮಾನಿಸುತ್ತಿತ್ತು. ಅದಕ್ಕೆ ಕೆಲಸವಿತ್ತು, ಆ ಕೆಲಸಕ್ಕೆ ಮರ್ಯಾದೆಯಿತ್ತು, ಸಂಜೆಗೆ ರೊಟ್ಟಿಯಿತ್ತು. ಈಗ ನೌಬಾದ್ ಕಡೆ, ಮೈಲೂರು ಕಡೆ ಎದ್ದಿರುವ ಬಡಾವಣೆಗಳಲ್ಲಿ ಗೇಟಿದೆ, ಟೈಲ್ಸ್ ಇದೆ, ಕಾರು ನಿಲ್ಲಿಸಲು ಜಾಗವಿದೆ, ಕಟ್ಟೆ ಇಲ್ಲ. ನಾಯಿಯೇನೋ ಮನೆಯೊಳಗೆ ಬಂತು, ಸೋಫಾದ ಮೇಲೂ ಬಂತು. ಅದರ ಕಟ್ಟೆ ಮಾತ್ರ ಹೋಯಿತು.

ಹಾಗಾಗಿ ಅದು ಸಿಕ್ಕಲ್ಲೆಲ್ಲ ಕಟ್ಟೆ ಕಟ್ಟಿಕೊಳ್ಳುತ್ತದೆ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವ ನನ್ನ ಗೆಳೆಯನ ಮನೆಯ ಲ್ಯಾಬ್ರಡಾರ್‌ಗೆ ಲಿಫ್ಟೇ ಕಟ್ಟೆ. 2022ರಲ್ಲಿ '777 ಚಾರ್ಲಿ' ಸಿನಿಮಾ ಬಂದ ಮೇಲೆ ಮನೆಗೆ ಬಂದ ಮರಿ, ಹೆಸರೂ ಚಾರ್ಲಿಯೇ. ಅವಳ ಪ್ರಕಾರ ಲಿಫ್ಟ್ ಒಂದು ಪುಟ್ಟ ಕೋಣೆ. ಬಾಗಿಲು ಮುಚ್ಚಿದಾಗ ಹೊರಗೆ ಒಂದು ವಾಸನೆ, ತೆರೆದಾಗ ಬೇರೆ ವಾಸನೆ. ಲೋಕ ಹೀಗೆ ಗಳಿಗೆಗೊಮ್ಮೆ ಬದಲಾಗುವ ಜಾಗವನ್ನು ಕಾಯದೇ ಬಿಟ್ಟರೆ ಹೇಗೆ? ನಡುವೆ ಎರಡನೇ ಮಹಡಿಯಲ್ಲಿ ಯಾರಾದರೂ ಹತ್ತಲು ಬಂದರೆ ಅವಳು ಅಡ್ಡ ನಿಂತು ಬಾಲ ಆಡಿಸುತ್ತಲೇ ಬೊಗಳುತ್ತಾಳೆ. ಬಾಲ ಸ್ವಾಗತಿಸುತ್ತದೆ, ಬಾಯಿ ವಿಚಾರಿಸುತ್ತದೆ. ಕಟ್ಟೆಯ ಮೇಲಿನ ನಮ್ಮ ಅಜ್ಜಂದಿರು ಮಾಡುತ್ತಿದ್ದದ್ದೂ ಇದನ್ನೇ: "ಬರ್ರಿ, ಬರ್ರಿ, ಯಾರ್ ಪೈಕಿ ನೀವು?"

ಪಾರ್ಸೆಲ್ ತರುವ ಹುಡುಗರ ಸಂಗತಿ ಇನ್ನೂ ಸೊಗಸು. ದಿನಕ್ಕೊಂದು ಹೊಸ ಮುಖ, ಹೊಸ ಬೈಕು. ಅವನು ಬರುತ್ತಾನೆ, ನಾಯಿ ಬೊಗಳುತ್ತದೆ, ಅವನು ಹೋಗುತ್ತಾನೆ. ಅವನು ಕೆಲಸ ಮುಗಿಸಿ ಹೋದನೆಂದು ನಮಗೆ ಗೊತ್ತು. ನಾಯಿಗೆ ಗೊತ್ತಿರುವುದು, ತಾನು ಬೊಗಳಿದ್ದಕ್ಕೆ ಹೋದನೆಂದು. ಪ್ರತಿದಿನ ಗೆಲುವು, ಒಂದು ದಿನವೂ ಸೋಲಿಲ್ಲ! ಹೀಗೆ ಸದಾ ಗೆಲ್ಲುವ ಕೆಲಸವನ್ನು ಯಾವ ಜೀವಿ ತಾನೆ ಬಿಟ್ಟುಕೊಡುತ್ತದೆ? ಗದರಿಸಿದರೆ ಉಪಯೋಗವಿಲ್ಲ, ನಾವೂ ತನ್ನ ಜತೆ ಸೇರಿ ಬೊಗಳುತ್ತಿದ್ದೇವೆ ಎಂದೇ ಅದಕ್ಕೆ ಅನ್ನಿಸುತ್ತದೆ. ಉಪಾಯ ಬೇರೆ ಇದೆ. ಬಾಗಿಲು ಕಾಣುವಂತೆ, ಆದರೆ ಓಡಾಡುವ ದಾರಿಗೆ ಅಡ್ಡ ಬಾರದಂತೆ, ಒಂದು ಹಳೆಯ ಕೌದಿ ಹಾಸಿ. ಗಂಟೆ ಬಾರಿಸಿದಾಗ ನಾಯಿ ಆ ಕೌದಿಯ ಮೇಲೆ ಹೋಗಿ ಕೂತರೆ ಒಂದು ತುಣುಕು ರೊಟ್ಟಿ. ಕೆಲವೇ ವಾರಗಳಲ್ಲಿ ಗಂಟೆಯ ಸದ್ದಿಗೆ ಅದು ಗೇಟಿನ ಬದಲು ಕೌದಿಗೆ ಓಡುತ್ತದೆ. ನೀವು ಕೊಟ್ಟದ್ದು ಬರೀ ಹಾಸಿಗೆಯಲ್ಲ, ಕಳೆದುಹೋದ ಕಟ್ಟೆ.

ಮೊಬೈಲಿನ ಮಾತು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ನಮ್ಮ ಜಿಲ್ಲೆಯ ಮನೆ ಮನೆಯಿಂದ ಮಕ್ಕಳು ಹೈದರಾಬಾದಿಗೆ, ಪುಣೆಗೆ, ಬೆಂಗಳೂರಿಗೆ ಹೋಗಿದ್ದಾರೆ. ರಾತ್ರಿ ವಿಡಿಯೊ ಕಾಲ್ ಬರುತ್ತದೆ. ತಾಯಿಯ ಜತೆ ಎರಡು ಮಾತು, ಆಮೇಲೆ "ನಾಯಿಗಿ ತೋರಸ್ರಿ" ಎಂಬ ಬೇಡಿಕೆ. ಮಗ ಅಲ್ಲಿಂದ ಹೆಸರು ಹಿಡಿದು ಕರೆಯುತ್ತಾನೆ. ನಾಯಿ ಮೊಬೈಲಿನ ಕಡೆ ನೋಡುವುದಿಲ್ಲ, ನೇರ ತಲೆಬಾಗಿಲಿಗೆ ಓಡುತ್ತದೆ. ಬಾಗಿಲ ಸಂದಿಗೆ ಮೂಗಿಟ್ಟು ಉಸಿರೆಳೆದು, ತಿರುಗಿ ಬಂದು ತಾಯಿಯ ಮುಖ ನೋಡುತ್ತದೆ. ದನಿ ಬಂದಿದೆ, ಮನುಷ್ಯ ಬಂದಿಲ್ಲ, ಇದೆಂಥ ಲೆಕ್ಕ? ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 50-60 ಲಕ್ಷ ಇದ್ದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಮೇಲೆ. ವಾಸನೆ ಇಲ್ಲದ ಮಗನನ್ನು ಅದು ಮಗನೆಂದು ಒಪ್ಪುವುದಿಲ್ಲ. ಬಂದರೆ ಬಾಗಿಲಿನಿಂದಲೇ ಬರಬೇಕು. ಈ ವಿಷಯದಲ್ಲಿ ತಾಯಿಯ ಅಭಿಪ್ರಾಯವೂ ಅದೇ.

ಇಲ್ಲಿನ ನಾಯಿಗಳಿಗೆ ಇನ್ನೊಂದು ಸೌಭಾಗ್ಯವಿದೆ: ಬಹುಭಾಷೆ. ಔರಾದಿನ ಒಂದು ಮನೆಯಲ್ಲಿ ಅಜ್ಜಿ ಮರಾಠಿಯಲ್ಲಿ ಬೈದು, ಮಗ ಕನ್ನಡದಲ್ಲಿ ಕರೆದು, ಹಾಲಿನವನು ದಖ್ಖನಿಯಲ್ಲಿ ಓಡಿಸಿ, ತೆಲುಗು ಸೊಸೆ ಮುದ್ದು ಮಾಡಿದರೆ ನಾಯಿ ನಾಲ್ವರಿಗೂ ಸರಿಯಾದ ಉತ್ತರ ಕೊಡುತ್ತದೆ. ಹಂಗೇರಿಯ ಬುಡಾಪೆಸ್ಟ್‌ನಲ್ಲಿ ವಿಜ್ಞಾನಿಗಳು 18 ನಾಯಿಗಳಿಗೆ ಎಂಆರ್‌ಐ ಯಂತ್ರದಲ್ಲಿ ಅಲುಗದೆ ಮಲಗುವುದನ್ನು ಕಲಿಸಿ, ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಭಾಷೆಗಳಲ್ಲಿ ಕತೆ ಓದಿ ಕೇಳಿಸಿದ್ದರು. ಕೇಳಿ ಪರಿಚಯವಿರುವ ಭಾಷೆಗೆ ಒಂದು ರೀತಿ, ಅಪರಿಚಿತ ಭಾಷೆಗೆ ಬೇರೆ ರೀತಿ ನಾಯಿಯ ಮಿದುಳು ಸ್ಪಂದಿಸುತ್ತದೆ ಎಂದು ಗೊತ್ತಾಯಿತು. ಅವರು ಔರಾದಿಗೆ ಬಂದಿದ್ದರೆ ಯಂತ್ರದಲ್ಲಿ ಇನ್ನೆರಡು ಭಾಷೆ ಸೇರಿಸಬೇಕಾಗುತ್ತಿತ್ತು.

ಬಾಗಿಲು ಕಾಯುವ ಈ ಗುಣವನ್ನು ನಮ್ಮ ನೆಲ ಎಷ್ಟು ದೊಡ್ಡದಾಗಿ ಕಂಡಿದೆ ಎಂದು ತಿಳಿಯಬೇಕಾದರೆ ಭಾಲ್ಕಿ ತಾಲ್ಲೂಕಿನ ಖಾನಾಪುರಕ್ಕೆ, ಮೈಲಾರ ಮಲ್ಲಣ್ಣನ ಗುಡಿಗೆ ಹೋಗಬೇಕು. ಚಂಪಾಷಷ್ಠಿಯ ಕಾಲಕ್ಕೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಕಡೆಯ ಭಕ್ತರು ಸೇರುತ್ತಾರೆ. ಗಾಳಿಯೆಲ್ಲ ಭಂಡಾರದ ಹಳದಿ. ಮಲ್ಲಣ್ಣ ಕುದುರೆಯ ಮೇಲಿನ ದೇವರು, ಜತೆಗೆ ನಾಯಿ. ಮೈಲಾರ ಪರಂಪರೆಯ ಗೊರವರು, ವಗ್ಗಯ್ಯಗಳು ತಮ್ಮನ್ನು ದೇವರ ನಾಯಿಗಳೆಂದೇ ಕರೆದುಕೊಳ್ಳುತ್ತಾರೆ. ದೋಣಿ ಸೇವೆಯಲ್ಲಿ ಹಾಲು, ಬಾಳೆಹಣ್ಣು, ತುಪ್ಪ ತುಂಬಿದ ಮರದ ಪಾತ್ರೆಗೆ ಬಾಯಿ ಹಾಕಿ, ಬೊಗಳುತ್ತ, ಪಾಲಿಗಾಗಿ ಕಿತ್ತಾಡುತ್ತ ತಿನ್ನುತ್ತಾರೆ. ಸುತ್ತ ನಿಂತ ಮಕ್ಕಳು ನಗುತ್ತಾರೆ, ಹಿರಿಯರು ಕೈಮುಗಿಯುತ್ತಾರೆ; ಎರಡೂ ಒಟ್ಟಿಗೇ ನಡೆಯುತ್ತದೆ, ಎರಡರಲ್ಲೂ ತಪ್ಪಿಲ್ಲ. ಬೇರೆ ಕಡೆ ಬೈಗುಳವಾಗಿರುವ ಪ್ರಾಣಿ ಇಲ್ಲಿ ಬಿರುದು. ದೇವರ ಬಾಗಿಲಲ್ಲಿ ಬಿದ್ದಿರುವುದಕ್ಕಿಂತ ದೊಡ್ಡ ಪದವಿ ಬೇಡ ಎನ್ನುವವರು ನಾಯಿಯನ್ನು ಗುರುವಾಗಿ ಇಟ್ಟುಕೊಂಡಿದ್ದಾರೆ. ಇದೇ ಸೀಮೆಯ ದತ್ತ ಪರಂಪರೆಯನ್ನೂ ನೆನೆಯಿರಿ. ಗಾಣಗಾಪುರದ ದತ್ತನಾಗಲಿ, ಹುಮನಾಬಾದಿನ ಮಾಣಿಕನಗರದಲ್ಲಿ ಪೂಜೆಗೊಳ್ಳುವ ದತ್ತನಾಗಲಿ, ಪಟದಲ್ಲಿ ಅವನ ಕಾಲ ಬಳಿ ನಾಲ್ಕು ನಾಯಿಗಳು. ಅವು ನಾಲ್ಕು ವೇದಗಳೆಂದು ಭಕ್ತರ ನಂಬಿಕೆ.

ನಾಯಿಗೆ ಮರ್ಯಾದೆ ಸಲ್ಲಿಸಿದ ಕನ್ನಡದ ಹಳೆಯ ದಾಖಲೆ ಮಂಡ್ಯ ಜಿಲ್ಲೆಯ ಆತಕೂರಿನದು, ಕ್ರಿ.ಶ. 949ರ ಸುಮಾರಿನದು. ಆಗಿನ ಸಾರ್ವಭೌಮ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ. ಅವನ ರಾಜಧಾನಿ ಮಾನ್ಯಖೇಟ ನಮ್ಮ ನೆರೆಯ ಕಲಬುರಗಿ ಜಿಲ್ಲೆಯಲ್ಲಿ. ಗಂಗರ ಬೂತುಗನ ಕಡೆ ಕಾದಿದ ಮಣಲೆರನೆಂಬ ವೀರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಗುಡಿ ನೋಡಿಕೊಳ್ಳುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಬರೆಸಿದ. ನಾಯಿಗೆ ಮೊದಲು, ಊಟ ಆಮೇಲೆ! ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋದವರು ಹಂದಿಯ ಮೇಲೆ ಎರಗಿದ ಕಾಳಿಯನ್ನು ನೋಡದೆ ಬರಬೇಡಿ.

ಯಾವ ನಾಯಿ ಸಾಕಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಖಡಕ್ಕಾಗಿದೆ: ಈ ಬಿಸಿಲಿಗೆ ಹುಟ್ಟಿದ್ದನ್ನು ಸಾಕಿ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಪಗ್ ಓಡಿದ್ದೇ ತಡ, ದೇಶಕ್ಕೆಲ್ಲ ಪಗ್ ಬೇಕಾಯಿತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ಮೂಗೇ ಚಪ್ಪಟೆಯಾದ ನಾಯಿ ನಮ್ಮ ಮೇ ತಿಂಗಳಲ್ಲಿ ಉಸಿರಿಗೆ ಒದ್ದಾಡುತ್ತದೆ. ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ಹಸ್ಕಿಯನ್ನು 40 ಡಿಗ್ರಿ ದಾಟುವ ಊರಿಗೆ ತಂದು ಕೂಲರಿನ ಮುಂದೆ ಕಟ್ಟುವುದು ಅದಕ್ಕೆ ಶಿಕ್ಷೆ. ಬೇಡ. ನಮ್ಮದೇ ಬೇಟೆನಾಯಿ ಮುಧೋಳ ಇದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು, ಸೇನೆಯೂ ತರಬೇತಿಗೆ ತೆಗೆದುಕೊಂಡಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಅದರ ತಳಿ ಕಾಯುವ ಕೇಂದ್ರ ನಡೆಸುತ್ತಿರುವುದು ನಮ್ಮ ಬೀದರಿನ ಪಶು ವಿಶ್ವವಿದ್ಯಾಲಯವೇ. ಗಡಿಯಾಚೆ ಲಾತೂರ ಕಡೆ ಕಿವಿ, ಬಾಲಕ್ಕೆ ರೇಷ್ಮೆಯಂಥ ಕೂದಲುಳ್ಳ ಪಶ್ಮಿ ಇದೆ. ಇವೆರಡೂ ಓಟದ ಜೀವಗಳು, ಹೊಲ ಬೇಕು. ಫ್ಲ್ಯಾಟಿನಲ್ಲಿ ಇಟ್ಟರೆ ಸೋಫಾ ಹರಿಯುತ್ತವೆ, ಹರಿದದ್ದಕ್ಕೆ ಅವುಗಳನ್ನು ಬಯ್ಯುವಂತಿಲ್ಲ. ಊರಿನ ಮನೆಗೆ ಓಣಿಯಲ್ಲೇ ಹುಟ್ಟಿದ ಕೆಂಪು, ಕಪ್ಪು, ಬಂಡ ನಾಯಿಗೆ ಸಮ ಯಾವುದೂ ಇಲ್ಲ. ಬಿಸಿಲು ತಡೆಯುತ್ತದೆ, ರೊಟ್ಟಿ-ಮಜ್ಜಿಗೆಗೆ ಒಗ್ಗುತ್ತದೆ, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲ.

ಒಗ್ಗುತ್ತದೆ ಎಂದು ಏನನ್ನಾದರೂ ಹಾಕುವಂತಿಲ್ಲ. ಎಳ್ಳಮಾವಾಸ್ಯೆ ನಮ್ಮ ಕಡೆಯ ದೊಡ್ಡ ಹಬ್ಬ. ಔರಾದ್ ತಾಲ್ಲೂಕಿನ ಹೊಲಗಳಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿನ ಪಾಂಡವರನ್ನು ಪೂಜಿಸಿ, ಚರಗ ಚೆಲ್ಲುತ್ತ ಹೋಗುವವರ ಹಿಂದೆ ನಾಯಿ ಗಂಭೀರವಾಗಿ ಹೆಜ್ಜೆ ಹಾಕುತ್ತದೆ. ಭೂತಾಯಿಯ ಪಾಲು ಭೂತಾಯಿಗೆ ಮುಟ್ಟುವ ಮೊದಲು ಅರ್ಧ ಅದರ ಹೊಟ್ಟೆಗೆ ಮುಟ್ಟಿರುತ್ತದೆ. ಯಾರೂ ಬಯ್ಯುವುದಿಲ್ಲ. ಸಜ್ಜೆ ರೊಟ್ಟಿ ಹಾಕಿ, ಅಂಬಲಿ ಹಾಕಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಪಲ್ಯ ಬೇಡ. ಹಸಿಯಾಗಲಿ ಬೆಂದದ್ದಾಗಲಿ ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಚಾಕೊಲೇಟ್ ವಿಷ. ಬೇಯಿಸಿದ ಕೋಳಿ ಎಲುಬು ಸಿಗುರಾಗಿ ಒಡೆದು ಕರುಳಿಗೆ ಚುಚ್ಚುತ್ತದೆ, ಬಿರಿಯಾನಿಯ ಎಂಜಲನ್ನು ಹಾಗೇ ಸುರಿಯಬೇಡಿ. ಬೇಸಿಗೆಯಲ್ಲಿ ನಾಯಿಯನ್ನು ತಿರುಗಾಡಿಸುವ ಮುನ್ನ ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ನೋಡಿ. ಏಳು ಎಣಿಸುವ ತನಕ ತಾಳದಿದ್ದರೆ ಅದರ ಪಾದಕ್ಕೂ ತಾಳದು.

ಔರಾದಿನ ರೈತರೊಬ್ಬರ ದೇವಣಿ ಹಸುಗಳ ಕೊಟ್ಟಿಗೆಯಲ್ಲಿ ಒಂದು ಕಪ್ಪು ನಾಯಿ ಇತ್ತು. ಕರುಗಳ ನಡುವೆ ಮಲಗುತ್ತಿತ್ತು, ಒಮ್ಮೆಯೂ ಒಂದನ್ನೂ ಗದರಿಸಿದ್ದಿಲ್ಲ, ಹೊರಗಿನವರನ್ನು ಹತ್ತಿರ ಬಿಟ್ಟದ್ದೂ ಇಲ್ಲ. ಹೇಗೆ ಕಲಿಸಿದಿರಿ ಎಂದು ಕೇಳಿದೆ. "ಕಲಿಸೋದೇನದರಿ? ಬಾಗ್ಲ ಯಾವುದು ಅಂತ ಒಮ್ಮೆ ತೋರ್ಸಬೇಕು, ಮುಂದಿಂದು ಅವನೇ ನೋಡ್ಕೋತಾನ" ಎಂದರು. ನಾಯಿ ಸಾಕುವ ದಪ್ಪ ಪುಸ್ತಕಗಳಲ್ಲಿ ಇದಕ್ಕಿಂತ ಮೇಲಾದ ಮಾತನ್ನು ನಾನು ಓದಿಲ್ಲ.

ಬಾಗಿಲೇ ಇಲ್ಲದ ನಾಯಿಗಳ ಮಾತೂ ಬರಬೇಕು. ಊರಿನ ಬಸ್ ನಿಲ್ದಾಣಗಳಲ್ಲಿ ನೋಡಿ, ನಾಯಿಗಳು ಪ್ಲಾಟ್‌ಫಾರ್ಮ್ ಹಂಚಿಕೊಂಡಿರುತ್ತವೆ; ಯಾವ ಕಂಡಕ್ಟರ್ ಬಿಸ್ಕೀಟು ಹಾಕುತ್ತಾನೆಂದು ಬಸ್ಸು ತಿರುಗುವ ಮೊದಲೇ ಅವುಗಳಿಗೆ ಗೊತ್ತು. ಅವೂ ಒಂದು ಬಾಗಿಲನ್ನು ತಮ್ಮದೆಂದು ಆರಿಸಿಕೊಂಡಿವೆ. ಆದರೆ ಅದೇ ಜಾಗದಲ್ಲಿ ಶಾಲೆಯ ಮಕ್ಕಳು ನಿಲ್ಲುತ್ತಾರೆ, ಕಚ್ಚಿಸಿಕೊಂಡವರಿದ್ದಾರೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ತಗುಲಿದವನ್ನೂ ಕಚ್ಚುವ ಸ್ವಭಾವದವನ್ನೂ ಬಿಡಬಾರದು, ಊಟ ಹಾಕಲು ವಾರ್ಡುಗಳಲ್ಲಿ ಗೊತ್ತುಪಡಿಸಿದ ಜಾಗ ಬೇಕು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆರವು ಮಾಡಲು ಹೇಳಿತು. ಊಟಕ್ಕೆ ಗೊತ್ತಾದ ಜಾಗ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಎಲ್ಲೆಂದರಲ್ಲಿ ಅನ್ನ ಸುರಿದು ಹೋಗುವವರು ಪ್ರೀತಿಯಿಂದಲೇ ಅಲ್ಲಿ ಜಗಳದ ಅಖಾಡ ತೆರೆದು ಹೋಗುತ್ತಾರೆ. ತೆರವು ಮಾಡಿದ ನಾಯಿಗಳಿಗೆ ಒಳ್ಳೆಯ ಆಶ್ರಯ ಕಟ್ಟುವುದು ಊರಿನ ಹೊಣೆ. ಹಣ ಬೇಕು, ವೈದ್ಯರು ಬೇಕು. ಪಶುವೈದ್ಯಕೀಯ ಕಾಲೇಜೇ ಇರುವ ಬೀದರ್ ಇದರಲ್ಲಿ ರಾಜ್ಯಕ್ಕೆ ದಾರಿ ತೋರಿಸಬಹುದು, ತೋರಿಸಬೇಕು.

ಕಚ್ಚಿದರೆ ಮಾಡಬೇಕಾದ್ದನ್ನು ಮನೆಯ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ. ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಖಾರದ ಪುಡಿ, ಸುಣ್ಣ, ಅರಿಸಿನ ಯಾವುದೂ ಬೇಡ, ಮಂತ್ರ ಹಾಕಿಸುತ್ತ ದಿನ ಕಳೆಯಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ಚರ್ಮ ಸೀಳಿ ರಕ್ತ ಬಂದಿದ್ದರೆ ಜತೆಗೆ ಸೀರಮ್. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮೊದಲು ಲಸಿಕೆ ಹಾಕಿಸಿಕೊಂಡರೆ ಜೀವ ಉಳಿಯುತ್ತದೆ. 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಟ್ಟಾಗಿನಿಂದ ಈ ದಾರಿ ತೆರೆದೇ ಇದೆ. ನಾಯಿಯನ್ನು ಪ್ರೀತಿಸುವವರೇ ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಬೇಕು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಕಾರ್ತಿಕದಲ್ಲಿ ಕೂಡಿದ ನಾಯಿಗಳು 63 ದಿನದ ಆಸುಪಾಸಿನಲ್ಲಿ ಈಯುತ್ತವೆ. ಹಾಗಾಗಿ ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗೆ ನಮ್ಮ ಓಣಿಗಳಲ್ಲಿ ಮರಿಗಳೇ ಮರಿಗಳು: ಮರಳಿನ ಗುಡ್ಡೆಯಲ್ಲಿ, ನಿಂತ ಟ್ರ್ಯಾಕ್ಟರಿನ ಕೆಳಗೆ, ಕಟ್ಟುತ್ತಿರುವ ಮನೆಯ ಮೆಟ್ಟಿಲ ಸಂದಿಯಲ್ಲಿ. ಮಕ್ಕಳು ಒಂದನ್ನು ಅಂಗಿಯೊಳಗೆ ಅಡಗಿಸಿ ತರುತ್ತಾರೆ. ತಂದದ್ದನ್ನು ಇವತ್ತೇ ತಾಯಿಯ ಹತ್ತಿರ ತಿರುಗಿ ಬಿಟ್ಟು ಬರಲು ಹೇಳಿ. ಕಣ್ಣು ತೆರೆಯುವುದಕ್ಕೇ ಹತ್ತು-ಹದಿನಾಲ್ಕು ದಿನ ಬೇಕು; ಎಂಟು ವಾರ ತುಂಬುವ ತನಕ ಅದಕ್ಕೆ ತಾಯಿ, ಒಡಹುಟ್ಟಿದವು ಬೇಕು. ಕಚ್ಚಿದರೆ ಎಷ್ಟು ನೋಯುತ್ತದೆ ಎಂಬುದನ್ನು ಮರಿಗಳು ಒಂದನ್ನೊಂದು ಕಚ್ಚಿಯೇ ಕಲಿಯುತ್ತವೆ, ಈ ಪಾಠವನ್ನು ನಾವು ಕಲಿಸಲಾರೆವು. ಅಲ್ಲಿಯವರೆಗೆ ತಾಯಿಗೆ ರೊಟ್ಟಿ, ನೀರು ಇಟ್ಟು ಬನ್ನಿ, ಚಳಿಗೆ ಒಂದು ಗೋಣಿಚೀಲ ಹಾಸಿ. ಎಂಟು ವಾರದ ಮೇಲೆ ತನ್ನಿ. ಹೆಣ್ಣು ಮರಿಯನ್ನು ಯಾರೂ ತರುವುದಿಲ್ಲ, ನೀವು ಅದನ್ನೇ ತನ್ನಿ. ಸಂತಾನಹರಣ ಚಿಕಿತ್ಸೆ ಯಾವಾಗ ಮಾಡಿಸಬೇಕೆಂದು ಪಶುವೈದ್ಯರನ್ನು ಕೇಳಿ. ಮನೆಗೆ ಬಂದ ವಾರವೇ ಜಂತುವಿನ ಔಷಧಿ, ಪಾರ್ವೊ-ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಹೆಸರನ್ನು ಮಕ್ಕಳೇ ಇಡಲಿ. ಕೌದಿಯನ್ನು ಎಲ್ಲಿ ಹಾಸಬೇಕೆಂದು ಈಗಲೇ ನೋಡಿಡಿ.